ಎರಡು ರೂಪಾಯಿ ಅಕ್ಕಿ: ಕೇಸರಿ ಕಾರ್ಡಿನವರ ಲೆಕ್ಕ

ಸೊಲ್ಲಾಪುರ: ಚುನಾವಣೆ ಬಂತೆಂದರೆ ಅಗ್ಗದ ಅಕ್ಕಿಯ ಭರವಸೆ ಬಂದೇ ಬರುತ್ತದೆ. ಅದು ಯಾರ ಚೀಲಕ್ಕೆ ಬೀಳುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

2009ರ ಲೋಕಸಭಾ ಚುನಾವಣೆಯನ್ನೇ ನೋಡಿ. ಆಗ ಕೇಂದ್ರದಲ್ಲಿ ವಿರೋಧ ಪಕ್ಷವಾಗಿದ್ದ ಬಿಜೆಪಿ, ಆದಾಯ ತೆರಿಗೆ ವಿನಾಯಿತಿಯನ್ನು 3 ಲಕ್ಷ ರೂಪಾಯಿಗೆ ಏರಿಸುವುದಾಗಿ ಹೇಳಿತ್ತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಕಿಲೋಗೆ 2 ರೂಪಾಯಿಯಂತೆ ತಿಂಗಳಿಗೆ 35 ಕಿಲೋ ಅಕ್ಕಿ ಇಲ್ಲವೆ ಗೋಧಿ ಎಂದೂ ಸಾರಿತ್ತು.

ಬೀಡಿ ಕಟ್ಟುವ ನಮ್ಮ ಹೆಣ್ಮಕ್ಕಳಾಗಲಿ, ಮಗ್ಗದ ಕೂಲಿಯವರಾಗಲಿ ಆದಾಯ ತೆರಿಗೆ ಕಟ್ಟುವವರೇ ಅಲ್ಲ. ಇನ್ನು ಅಕ್ಕಿಯ ಮಾತು. ಮಹಾರಾಷ್ಟ್ರದಲ್ಲಿ 1999ರಿಂದ ಹಳದಿ, ಕೇಸರಿ, ಬಿಳಿ ಅಂತ ಮೂರು ಬಣ್ಣದ ರೇಶನ್ ಕಾರ್ಡು. ಹಳದಿ ಕಾರ್ಡಿಗೆ ಮನೆಯ ವರ್ಷದ ಆದಾಯ 15 ಸಾವಿರ ದಾಟಬಾರದಿತ್ತು, ಅಂದರೆ ತಿಂಗಳಿಗೆ 1,250. ಗಂಡ ಹೆಂಡತಿ ಇಬ್ಬರೂ ದುಡಿದರೆ ಕೇಸರಿಯೇ ಗತಿ. ಬಡತನ ಹಾಗೇ ಇದ್ದರೂ ಲೆಕ್ಕದಲ್ಲಿ ಅವರು ರೇಖೆಯ ಮೇಲಿನವರು!

2000ದಲ್ಲಿ ಇದೇ ಪಕ್ಷದ ನೇತೃತ್ವದ ಸರ್ಕಾರ, ರೇಖೆಗಿಂತ ಮೇಲಿನವರ ರೇಶನ್ ದರ ಏರಿಸಿತ್ತು. ಎಡಪಕ್ಷಗಳು ಎಲ್ಲರಿಗೂ ರೇಶನ್ ಬೇಕೆಂದು ಪಟ್ಟು ಹಿಡಿದದ್ದು ಇಂಥ ಮನೆಗಳಿಗಾಗಿಯೇ. 2013ರ ಆಹಾರ ಭದ್ರತಾ ಕಾಯ್ದೆಯ ನಂತರ ಕೇಸರಿ ಕಾರ್ಡಿನ ಹಲವರಿಗೂ ಅಗ್ಗದ ಧಾನ್ಯ ಸಿಕ್ಕಿತು.

ಓಟು ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ದರ ಕೇಳುವ ಮೊದಲು ಒಂದು ಮಾತು ಕೇಳಿ: ನಮ್ಮ ಕಾರ್ಡಿಗೆ ಬರುತ್ತದೋ, ಇಲ್ಲವೋ?