ಅಳತೆಗೋಲು ಯಾರ ಕೈಯಲ್ಲಿ

1873ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೈದ್ಯ ಎಡ್ವರ್ಡ್ ಕ್ಲಾರ್ಕ್ ಹೆಣ್ಣುಮಕ್ಕಳ ಓದಿನ ಬಗ್ಗೆ ಒಂದು ಪುಸ್ತಕ ಹೊರತಂದರು. ಹರೆಯದ ಹುಡುಗಿಯರು ಗಂಡುಹುಡುಗರ ಹಾಗೆ ತಲೆ ಕೆಡಿಸಿಕೊಂಡು ಓದಿದರೆ ಗರ್ಭಕೋಶಕ್ಕೆ ಸೇರಬೇಕಾದ ಶಕ್ತಿ ಮಿದುಳಿಗೆ ಹರಿದುಹೋಗುತ್ತದೆ, ಮುಂದೆ ಅವರು ರೋಗಿಷ್ಠರಾಗುತ್ತಾರೆ ಎಂಬುದು ಅವರ ವಾದ. ಆಧಾರವಾಗಿ ಇದ್ದದ್ದು ಬೆರಳೆಣಿಕೆಯ ರೋಗಿಗಳ ಕಥೆಗಳಷ್ಟೇ. ಆದರೂ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳಿದವರ ಮಾತಲ್ಲವೇ, ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಮುಟ್ಟಿನ ದಿನಗಳಲ್ಲಿ ಹೆಣ್ಣಿನ ಬುದ್ಧಿ ಮಂಕಾಗುತ್ತದೆ, ಆದ್ದರಿಂದ ಹೊಣೆಗಾರಿಕೆಯ ಹುದ್ದೆಗೆ ಆಕೆ ತಕ್ಕವಳಲ್ಲ ಎಂಬ ನಂಬಿಕೆ ನಲವತ್ತು ವರ್ಷ ಕಳೆದರೂ ವಿದ್ವಾಂಸರ ನಡುವೆ ಗಟ್ಟಿಯಾಗಿ ನಿಂತಿತ್ತು.

ಅದನ್ನು ಅಳೆದು ನೋಡಲು ಹೊರಟವರು ಲೀಟಾ ಹಾಲಿಂಗ್‌ವರ್ತ್. 1886ರಲ್ಲಿ ನೆಬ್ರಾಸ್ಕಾದಲ್ಲಿ ಹುಟ್ಟಿ, ಪದವಿ ಪಡೆದು, ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1908ರಲ್ಲಿ ಮದುವೆಯಾಗಿ ಗಂಡನ ಜೊತೆ ನ್ಯೂಯಾರ್ಕಿಗೆ ಬಂದರೆ, ಅಲ್ಲಿನ ಶಾಲೆಗಳು ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಲಿತ ವಿದ್ಯೆ ಮನೆಯೊಳಗೇ ಉಳಿಯಿತು. ಕೆಲವು ವರ್ಷಗಳ ನಂತರ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು ಸೇರಿ ಮನೋವಿಜ್ಞಾನ ಓದತೊಡಗಿದರು.

1914ರಲ್ಲಿ ಪ್ರಕಟವಾದ ಅವರ ಸಂಶೋಧನೆ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. 23 ಹೆಂಗಸರನ್ನೂ, ಹೋಲಿಕೆಗಾಗಿ ಇಬ್ಬರು ಗಂಡಸರನ್ನೂ ಕರೆದು ವಾರಗಟ್ಟಲೆ ಒಂದೇ ಬಗೆಯ ಪರೀಕ್ಷೆಗಳನ್ನು ಮತ್ತೆ ಮತ್ತೆ ಕೊಟ್ಟರು. ಎಷ್ಟು ಬೇಗ ಬೇಗ ತಟ್ಟಬಲ್ಲರು, ಕೈ ನಡುಗದಂತೆ ಎಷ್ಟು ಸ್ಥಿರವಾಗಿ ಹಿಡಿಯಬಲ್ಲರು, ಬಣ್ಣಗಳ ಹೆಸರನ್ನೂ ವಿರುದ್ಧ ಪದಗಳನ್ನೂ ಎಷ್ಟು ಚುರುಕಾಗಿ ಹೇಳಬಲ್ಲರು ಎಂದು ಬರೆದಿಟ್ಟುಕೊಂಡರು. ಮುಟ್ಟಿನ ದಿನಗಳ ಅಂಕಿಗಳನ್ನು ಉಳಿದ ದಿನಗಳ ಅಂಕಿಗಳ ಪಕ್ಕ ಇಟ್ಟು ನೋಡಿದರೆ, ಎಲ್ಲರೂ ಖಚಿತವೆಂದುಕೊಂಡಿದ್ದ ಆ ಕುಸಿತ ಕಾಣಿಸಲೇ ಇಲ್ಲ. ಈ ಪ್ರಬಂಧಕ್ಕೆ 1916ರಲ್ಲಿ ಡಾಕ್ಟರೇಟ್ ದೊರೆಯಿತು.

ಅವರ ಮಾರ್ಗದರ್ಶಕರು ಎಡ್ವರ್ಡ್ ಥಾರ್ನ್‌ಡೈಕ್, ಆ ಕಾಲದ ಬಹು ದೊಡ್ಡ ಹೆಸರು. ಅವರಿಗೂ ಒಂದು ನಂಬಿಕೆಯಿತ್ತು. ಗಂಡಸರ ಬುದ್ಧಿಮಟ್ಟದಲ್ಲಿ ಏರಿಳಿತ ಹೆಚ್ಚು, ಹೆಂಗಸರೆಲ್ಲ ನಡುಮಟ್ಟದ ಸುತ್ತಲೇ ಇರುತ್ತಾರೆ. ಹಾಗಾಗಿ ಮಹಾಮೇಧಾವಿಗಳು ಗಂಡಸರಲ್ಲೇ ಹುಟ್ಟುತ್ತಾರೆ, ಸಂಶೋಧನೆಯಂಥ ಕ್ಷೇತ್ರಗಳಿಗಾಗಿ ಹೆಂಗಸರನ್ನು ತಯಾರು ಮಾಡುವ ಅಗತ್ಯ ಅಷ್ಟಿಲ್ಲ. ಇದಕ್ಕೆ ಕೊಡುತ್ತಿದ್ದ ಒಂದು ಸಾಕ್ಷಿಯೆಂದರೆ ಬುದ್ಧಿಮಾಂದ್ಯರನ್ನು ಇಡುವ ಸಂಸ್ಥೆಗಳಲ್ಲಿ ಗಂಡಸರೇ ಹೆಚ್ಚಾಗಿರುವುದು.

ಅಂಥ ಸಂಸ್ಥೆಗಳಿಗೆ ಕಳಿಸುವ ಮುನ್ನ ಬುದ್ಧಿಮಟ್ಟ ಪರೀಕ್ಷೆ ಮಾಡುವ ಕೆಲಸವನ್ನೇ ಹಾಲಿಂಗ್‌ವರ್ತ್ ಮಾಡುತ್ತಿದ್ದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಬರುವವರ ವಯಸ್ಸು. ಗಂಡುಹುಡುಗರು ಎಳೆಯರಿದ್ದಾಗಲೇ ಬರುತ್ತಿದ್ದರು, ಹೆಣ್ಣುಮಕ್ಕಳು ಬಹಳ ತಡವಾಗಿ. ದುಡಿದು ತರಬೇಕಾದ ಹುಡುಗ ಹಿಂದುಳಿದರೆ ಊರಿಗೆಲ್ಲ ತಿಳಿಯುತ್ತದೆ. ಹುಡುಗಿಯಾದರೆ ಮಗು ಎತ್ತಿಕೊಂಡು, ಪಾತ್ರೆ ತೊಳೆದುಕೊಂಡು ಮನೆಯಲ್ಲೇ ಇದ್ದುಬಿಡುತ್ತಾಳೆ, ಯಾರೂ ಪರೀಕ್ಷೆಗೆ ಕರೆತರುವುದಿಲ್ಲ. ಅಂಕಿಗಳಲ್ಲಿ ಕಾಣುತ್ತಿದ್ದದ್ದು ಹುಟ್ಟುಗುಣವಲ್ಲ, ಬದುಕಿನ ಏರ್ಪಾಟು. ಅದೇ ತರ್ಕವನ್ನು ಅವರು ಮೇಲ್ತುದಿಗೂ ಒಯ್ದರು. ಜಗತ್ತಿನ ಬಹುಪಾಲು ಹೆಂಗಸರ ಬುದ್ಧಿ ಮನೆವಾರ್ತೆಯಲ್ಲಿ ಕಳೆಯುತ್ತದೆ, ಅದರಲ್ಲಿ ಎಷ್ಟು ನಿಪುಣೆಯಾದರೂ ಚರಿತ್ರೆಯಲ್ಲಿ ಹೆಸರು ಉಳಿಯುವುದಿಲ್ಲ ಎಂದರು. ಸಹೋದ್ಯೋಗಿ ಹೆಲೆನ್ ಮಾಂಟೇಗ್ ಜೊತೆ ಸೇರಿ ಒಂದು ಸಾವಿರ ಗಂಡು, ಒಂದು ಸಾವಿರ ಹೆಣ್ಣು ನವಜಾತ ಶಿಶುಗಳ ದೇಹದ ಅಳತೆಗಳನ್ನೂ ಪರಿಶೀಲಿಸಿದರು. ಗಂಡಿನಲ್ಲೇ ಏರಿಳಿತ ಹೆಚ್ಚು ಎಂಬುದಕ್ಕೆ ಅಲ್ಲಿಯೂ ಆಧಾರ ಸಿಗಲಿಲ್ಲ. ಗುರುವಿನ ನಂಬಿಕೆಯನ್ನು ಗುರುವೇ ಕಲಿಸಿದ ವಿಧಾನದಿಂದ ಪ್ರಶ್ನಿಸಿದ ಈ ದಿಟ್ಟತನ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಂಥ ಶಿಷ್ಯೆಗೆ ಥಾರ್ನ್‌ಡೈಕ್ ದಾರಿ ಮುಚ್ಚಲಿಲ್ಲ ಎಂಬುದನ್ನೂ ಹೇಳಬೇಕು. ಹಾಲಿಂಗ್‌ವರ್ತ್ 1939ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಲೇಜಿನಲ್ಲಿ ಪಾಠ ಹೇಳಿದರು.

ಎಲ್ಲರಿಗೂ ಇಷ್ಟು ಸಿಗಲಿಲ್ಲ. ಮೇರಿ ವಿಟನ್ ಕಾಲ್ಕಿನ್ಸ್ ಹಾರ್ವರ್ಡಿನಲ್ಲಿ ವಿಲಿಯಂ ಜೇಮ್ಸ್ ಅವರ ಬಳಿ ಕಲಿತದ್ದು ದಾಖಲಾತಿಯಿಲ್ಲದ ಅತಿಥಿಯಾಗಿ. 1895ರಲ್ಲಿ ಅಲ್ಲಿನ ಪ್ರಾಧ್ಯಾಪಕರೇ ಪರೀಕ್ಷಿಸಿ ಆಕೆ ಡಾಕ್ಟರೇಟಿಗೆ ಅರ್ಹಳೆಂದರೂ ಆಡಳಿತ ಪದವಿ ಕೊಡಲಿಲ್ಲ. 1905ರಲ್ಲಿ ಆಕೆ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಆಮೇಲೂ ಕೊಡಲಿಲ್ಲ.

ಇತ್ತೀಚಿನ ದಶಕಗಳಲ್ಲಿ ಪರೀಕ್ಷೆಗೆ ಒಳಗಾದವರು ಆಯ್ಕೆ ಮಾಡುವ ಕುರ್ಚಿಯಲ್ಲಿ ಕೂತವರು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ವೃತ್ತಿವಿವರವನ್ನು ಕೆಲವರಿಗೆ ಗಂಡಸಿನ ಹೆಸರಲ್ಲಿ, ಕೆಲವರಿಗೆ ಹೆಂಗಸಿನ ಹೆಸರಲ್ಲಿ ಕಳಿಸಲಾಯಿತು. ಓದಿದವರು 238 ಮನೋವಿಜ್ಞಾನದ ಅಧ್ಯಾಪಕರು, ಅಂದರೆ ಪೂರ್ವಗ್ರಹದ ಬಗ್ಗೆ ಪಾಠ ಹೇಳುವವರೇ. ಹೊಸದಾಗಿ ಕೆಲಸ ಹುಡುಕುವ ಅಭ್ಯರ್ಥಿಯ ವಿಷಯದಲ್ಲಿ ಅವರು ಗಂಡು ಹೆಸರಿನ ಕಡೆ ವಾಲಿದರು, ಹೆಂಗಸರೂ ಸೇರಿ. 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ 127 ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯದ ಮ್ಯಾನೇಜರ್ ಹುದ್ದೆಯ ಅರ್ಜಿ ತೋರಿಸಿತು. ಹೆಸರು ಜಾನ್ ಎಂದಿದ್ದಾಗ ಸೂಚಿಸಿದ ಸರಾಸರಿ ವಾರ್ಷಿಕ ಸಂಬಳ 30,238 ಡಾಲರ್, ಜೆನಿಫರ್ ಎಂದಿದ್ದಾಗ 26,508.

2015ರಲ್ಲಿ ಕಾರ್ನೆಲ್‌ನ ವೆಂಡಿ ವಿಲಿಯಮ್ಸ್ ಮತ್ತು ಸ್ಟೀಫನ್ ಸೆಸಿ ಇದಕ್ಕೆ ತದ್ವಿರುದ್ಧವಾದ ಫಲಿತಾಂಶ ಕೊಟ್ಟರು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಧ್ಯಾಪಕರು ಗಂಡಸಿಗಿಂತ ಮಹಿಳೆಯನ್ನೇ ಸುಮಾರು ಎರಡು ಪಟ್ಟು ಸಲ ಆರಿಸಿದ್ದರು. ಒಂದು ಸರಿಯಾದರೆ ಇನ್ನೊಂದು ತಪ್ಪಾಗಲೇಬೇಕೆಂದಿಲ್ಲ. ಕಾರ್ನೆಲ್‌ನ ಕಾಲ್ಪನಿಕ ಅಭ್ಯರ್ಥಿಗಳು ಎಲ್ಲ ರೀತಿಯಲ್ಲೂ ಅತ್ಯುತ್ತಮರು. ಯೇಲ್‌ನ ಅರ್ಜಿಯನ್ನು ಬೇಕೆಂದೇ ಅಷ್ಟಿಷ್ಟು ಕುಂದುಗಳೊಡನೆ ಬರೆಯಲಾಗಿತ್ತು. ಇದರಿಂದ ನಾನು ತಿಳಿದುಕೊಳ್ಳುವುದು ಇಷ್ಟು: ಸಾಧನೆ ಕಣ್ಣಿಗೆ ಹೊಡೆಯುವಂತಿದ್ದಾಗ ಹೆಸರು ಅಡ್ಡ ಬರದಿರಬಹುದು. ಅನುಮಾನಕ್ಕೆ ಎಡೆಯಿದ್ದಾಗ ಆ ಅನುಮಾನದ ಲಾಭ ಜಾನ್‌ಗೆ ಸಿಗುತ್ತದೆ, ಜೆನಿಫರ್‌ಗೆ ಸಿಗುವುದಿಲ್ಲ. ವೃತ್ತಿಯ ಮೊದಲ ಮೆಟ್ಟಿಲಲ್ಲಿ ನಿಂತ ಬಹುತೇಕ ಎಲ್ಲರ ಅರ್ಜಿಯೂ ಅನುಮಾನಕ್ಕೆ ಎಡೆಯಿರುವಂಥದ್ದೇ. ಮುಂದಿನ ಶಿಫಾರಸು ಪತ್ರ, ಪ್ರಕಟವಾಗುವ ಪ್ರಬಂಧ, ಪಿಎಚ್.ಡಿ.ಗೆ ಪ್ರವೇಶ ಎಲ್ಲವೂ ಹುಟ್ಟುವುದು ಆ ಮೊದಲ ಕೆಲಸದಿಂದ.