ಬಸ್ಸೇ ಮನೆಯಾದರೆ ಮಗುವಿನ ಸೀಟು ಎಲ್ಲಿ?

ಅಮೆರಿಕದ ಶಾಲೆಗಳು ವರ್ಷಗಟ್ಟಲೆ ಓಡಿಸಿ ಹಳತಾದ ಹಳದಿ ಬಸ್ಸುಗಳನ್ನು ಹರಾಜಿಗೆ ಇಡುತ್ತವೆ. ಕೆಲವು ಸಾವಿರ ಡಾಲರಿಗೆ ಅಂಥ ಬಸ್ಸು ಕೊಂಡು, ಒಳಗಿದ್ದುದನ್ನೆಲ್ಲ ಕಿತ್ತು, ಅಡುಗೆಕಟ್ಟೆ, ಮಂಚ, ನೀರಿನ ಟ್ಯಾಂಕು ಕೂರಿಸಿ ಮನೆ ಮಾಡಿಕೊಂಡು ಊರೂರು ಸುತ್ತುವ ಕುಟುಂಬಗಳು ಅಲ್ಲಿ ಸಾಕಷ್ಟಿವೆ. ಇಂಥ ಬಸ್ಸುಮನೆಯನ್ನು ಅಲ್ಲಿನವರು ‘ಸ್ಕೂಲಿ’ ಎನ್ನುತ್ತಾರೆ. ಮಕ್ಕಳಿರುವ ಕುಟುಂಬವಾದರೆ, ಬಸ್ಸು ಓಡುವಾಗ ಅವರು ಎಲ್ಲಿ ಕೂರಬೇಕು ಎಂಬುದು ಒಲೆ, ಮಂಚಗಳ ಜಾಗಕ್ಕಿಂತ ಮೊದಲು ತೀರ್ಮಾನವಾಗಬೇಕು. ಕೊನೆಗೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಅಷ್ಟು ಹೊತ್ತಿಗೆ ನೆಲಕ್ಕೆ ಹಲಗೆ ಹಾಸಿ, ಕೆಳಗಡೆ ಟ್ಯಾಂಕು ಕಟ್ಟಿ ಆಗಿರುತ್ತದೆ. ಗಟ್ಟಿ ಬೋಲ್ಟು ಇಳಿಸಲು ಜಾಗವೇ ಉಳಿದಿರುವುದಿಲ್ಲ.

ಶಾಲಾ ಬಸ್ಸಿಗೆ ಸುರಕ್ಷಿತ ವಾಹನವೆಂಬ ಹೆಸರು ಸುಮ್ಮನೆ ಬಂದದ್ದಲ್ಲ. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರ್ಯಾಂಕ್ ಸಿರ್ ಕರೆದ ಸಭೆಯಲ್ಲಿ ಅದರ ಹಳದಿ ಬಣ್ಣವೂ ಮೊದಲ ಅಳತೆಗಳೂ ನಿಶ್ಚಯವಾದವು. 1977ರ ಏಪ್ರಿಲಿನಲ್ಲಿ ಜಾರಿಗೆ ಬಂದ ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳು ಸೀಟುಗಳ ಸಾಲನ್ನೇ ರಕ್ಷಾಕವಚವಾಗಿ ಮಾಡಿದವು. ಬೆನ್ನೊರಗುಗಳು ಎತ್ತರವಾಗಿ, ದಪ್ಪ ಮೆತ್ತೆಯಿಂದ ಕೂಡಿ, ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಇರುತ್ತವೆ. ಡಿಕ್ಕಿಯಾದರೆ ಮಗು ಮುಂದಿನ ಸೀಟಿನ ಬೆನ್ನಿಗೆ ಬಡಿಯುತ್ತದೆ, ಆ ಬೆನ್ನು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ದೊಡ್ಡ ಶಾಲಾ ಬಸ್ಸುಗಳನ್ನು ಬೆಲ್ಟಿಲ್ಲದೆ ಓಡಿಸಲು ಅಲ್ಲಿನ ನಿಯಮ ಬಿಟ್ಟಿರುವುದು ಇದನ್ನು ನಂಬಿಯೇ. ಸೀಟುಗಳನ್ನು ಕಿತ್ತು ಹೊರಗೆ ಹಾಕಿದ ದಿನವೇ ಈ ಕವಚವೂ ಹೊರಗೆ ಹೋಗುತ್ತದೆ.

ಆಮೇಲೆ ಮಗುವನ್ನು ಕಾಯುವುದು ಬೆಲ್ಟಿನಿಂದ ಬಿಗಿದ ಮಕ್ಕಳ ಸೀಟು. ಇಂಥ ಸೀಟುಗಳನ್ನು ಅಮೆರಿಕದಲ್ಲಿ ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಗೆ ಒಡ್ಡಿ ಪರೀಕ್ಷಿಸುತ್ತಾರೆ. ಆಗ ಬೀಳುವ ಎಳೆತ ಗುರುತ್ವಾಕರ್ಷಣೆಯ 20 ಪಟ್ಟನ್ನು ಮೀರುತ್ತದೆ. 12 ಕಿಲೋ ತೂಗುವ ಮಗು, 8 ಕಿಲೋ ತೂಗುವ ಸೀಟು ಎಂದಿಟ್ಟುಕೊಂಡರೆ, ಆ ಕ್ಷಣದಲ್ಲಿ ಎರಡೂ ಸೇರಿ 400 ಕಿಲೋ ಭಾರದಷ್ಟು ಜೋರಿನಿಂದ ಮುಂದಕ್ಕೆ ಜಗ್ಗುತ್ತವೆ. ಈ ಜಗ್ಗಾಟ ಬೆಲ್ಟಿನಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಬೋಲ್ಟಿಗೆ, ಬೋಲ್ಟಿನಿಂದ ನೆಲಕ್ಕೆ ಇಳಿಯುತ್ತದೆ. ಎಷ್ಟೇ ದುಬಾರಿ ಸೀಟು ತಂದರೂ ನೆಲ ಬಿಟ್ಟುಕೊಟ್ಟರೆ ಅದರಿಂದ ಪ್ರಯೋಜನವಿಲ್ಲ.

ಬಸ್ಸಿನ ನೆಲವಾದರೂ ಎಂಥದ್ದು? ತೆಳುವಾದ ಉಕ್ಕಿನ ತಗಡು, ಅದರ ಮೇಲೆ ಪ್ಲೈವುಡ್, ಅದರ ಮೇಲೆ ರಬ್ಬರ್ ಹಾಸು. ಹಳೆಯ ಬಸ್ಸಿನಲ್ಲಿ ಹಾಸನ್ನು ಎತ್ತಿ ನೋಡಿದರೆ ತಗಡು ತುಕ್ಕು ಹಿಡಿದಿರುವುದು ತೀರ ಸಾಮಾನ್ಯ. ಸೊಂಟದ ಬೆಲ್ಟನ್ನು ಹಿಡಿದಿರುವ ಕಟ್ಟು 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ ಎಳೆತವನ್ನು ತಡೆಯಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಸೊಂಟಕ್ಕೂ ಭುಜಕ್ಕೂ ಬರುವ ಬೆಲ್ಟಾದರೆ ಎರಡೂ ಭಾಗಗಳ ಮೇಲೆ ಏಕಕಾಲಕ್ಕೆ ತಲಾ 3,000 ಪೌಂಡ್. ಹಲಗೆಗೆ ಬಿಗಿದ ಸ್ಕ್ರೂ ಇದರ ಹತ್ತಿರಕ್ಕೂ ಬರಲಾರದು. ಬರಿಯ ತಗಡಿಗೆ ಹಾಕಿದ ಬೋಲ್ಟು ತಗಡನ್ನೇ ಹರಿದುಕೊಂಡು ಮೇಲೆ ಬಂದೀತು. ಬೋಲ್ಟು ನೆಲವನ್ನು ದಾಟಿ ಕೆಳಗಿನ ಉಕ್ಕಿನ ಅಡ್ಡತೊಲೆಗಳನ್ನು ಹಿಡಿಯಬೇಕು, ಅಡಿಯಲ್ಲಿ ಅಗಲವಾದ ದಪ್ಪ ಉಕ್ಕಿನ ಪಟ್ಟಿ ಇರಬೇಕು. ಮನೆಯ ಉಳಿದ ಕೆಲಸವನ್ನು ಸ್ವಂತ ಕೈಯಿಂದ ಮಾಡಿಕೊಂಡವರೂ ಇದೊಂದನ್ನು ವಾಹನದ ಚೌಕಟ್ಟು ಬಲ್ಲ ಅನುಭವಿ ವೆಲ್ಡರ್ ಅಥವಾ ಎಂಜಿನಿಯರ್ ಕೈಗೆ ಕೊಡುವುದು ಒಳ್ಳೆಯದು.

ಕಿತ್ತ ಸೀಟುಗಳಲ್ಲಿ ಎರಡನ್ನು ಉಳಿಸಿಕೊಂಡು, ಅಂಗಡಿಯಿಂದ ಬೆಲ್ಟು ತಂದು ಅವಕ್ಕೇ ಜೋಡಿಸುವ ಆಸೆ ಸಹಜ. ಆದರೆ ಬೆಲ್ಟಿಲ್ಲದೆ ತಯಾರಾದ ಸೀಟಿನ ಚೌಕಟ್ಟು ಬೆಲ್ಟಿನ ಎಳೆತಕ್ಕಾಗಿ ಮಾಡಿದ್ದಲ್ಲ. ಸೊಂಟದ ಮತ್ತು ಭುಜದ ಬೆಲ್ಟು ಚೌಕಟ್ಟಿನಲ್ಲೇ ಕೂಡಿಕೊಂಡಿರುವ ಹೊಸ ಬಗೆಯ ಶಾಲಾ ಬಸ್ ಸೀಟುಗಳು ಸಿಗುತ್ತವೆ. ಅವು ಹೆಚ್ಚು ಸೂಕ್ತ. ವ್ಯಾನಿನ ಹಳೆಯ ಸೀಟು ತರುವವರು ಒಂದನ್ನು ಗಮನಿಸಬೇಕು: ಎಷ್ಟೋ ವ್ಯಾನುಗಳಲ್ಲಿ ಭುಜದ ಬೆಲ್ಟು ಸೀಟಿಗಲ್ಲ, ವಾಹನದ ಕಂಬಕ್ಕೆ ಸೇರಿರುತ್ತದೆ. ಸೀಟು ಮಾತ್ರ ತಂದರೆ ಬೆಲ್ಟು ಗುಜರಿಯಲ್ಲೇ ಉಳಿಯುತ್ತದೆ.

ಮಕ್ಕಳ ಸೀಟನ್ನು ಕಟ್ಟುವ ಬಸ್ಸಿನ ಸೀಟು ಮುಂದಕ್ಕೆ ಮುಖ ಮಾಡಿರಲೇಬೇಕು. ಗೋಡೆಗೆ ಒರಗಿಸಿದ ಸೋಫಾದ ಮೇಲೆ ತಮ್ಮ ಸೀಟು ಕಟ್ಟಬಾರದೆಂದು ಮಕ್ಕಳ ಸೀಟಿನ ತಯಾರಕರು ಕೈಪಿಡಿಯಲ್ಲೇ ಹೇಳಿರುತ್ತಾರೆ. ಪುಟ್ಟ ಮಗುವಿನ ಸೀಟನ್ನು ಸೊಂಟದ ಬೆಲ್ಟೊಂದರಿಂದಲೇ ಬಿಗಿಯಬಹುದು, ಏಕೆಂದರೆ ಮಗುವನ್ನು ಹಿಡಿಯುವ ಪಟ್ಟಿಗಳು ಆ ಸೀಟಿನಲ್ಲೇ ಇವೆ. ಎತ್ತರ ಕೊಡುವ ಬೂಸ್ಟರ್ ಆಸನದ ಮೇಲೆ ಕೂರುವ ದೊಡ್ಡ ಮಗುವಿಗೆ ಮಾತ್ರ ಭುಜದ ಬೆಲ್ಟು ಬೇಕೇಬೇಕು. ಸೊಂಟದ ಬೆಲ್ಟೊಂದೇ ಇದ್ದರೆ ಡಿಕ್ಕಿಯಲ್ಲಿ ದೇಹ ಮಡಿಚಿ ಕರುಳಿಗೂ ಬೆನ್ನುಮೂಳೆಗೂ ಗಾಯವಾಗುತ್ತದೆ. ಮುಂದಕ್ಕೆ ಮುಖವಿರುವ ಮಕ್ಕಳ ಸೀಟಿನ ಬೆನ್ನಿನಿಂದ ಹೊರಡುವ ಮೇಲ್ಪಟ್ಟಿಗೆ ಹಿಂದುಗಡೆ ಇನ್ನೊಂದು ಗಟ್ಟಿ ಕೊಂಡಿ ಬೇಕು, ತಲೆ ಮುಂದಕ್ಕೆ ಚಿಮ್ಮುವ ದೂರವನ್ನು ತಗ್ಗಿಸುವುದು ಅದೇ. ಎಲ್ಲ ಕಟ್ಟಿದ ಮೇಲೆ ಬೆಲ್ಟು ಹಾಯುವಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಕೂಡದು.

ಬಸ್ಸುಮನೆಯಲ್ಲಿ ಇನ್ನೊಂದು ಸೆಳೆತವಿದೆ. ಅಡುಗೆಮನೆ ನಾಲ್ಕೇ ಹೆಜ್ಜೆ. ಮಗು ಅತ್ತರೆ ಓಡುತ್ತಿರುವಾಗಲೇ ಬಿಚ್ಚಿ ಎತ್ತಿಕೊಳ್ಳೋಣ ಎನಿಸುತ್ತದೆ. ಟೆನ್ನೆಸ್ಸೀಯ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟು ಹಿಡಿದು ದುಡಿದಿದ್ದರಿಂದ 1978ರಲ್ಲಿ ಆ ರಾಜ್ಯದಲ್ಲಿ ಅಮೆರಿಕದ ಮೊದಲ ಮಕ್ಕಳ ಸೀಟಿನ ಕಾನೂನು ಜಾರಿಗೆ ಬಂತು. ಶಾಸಕರು ಅದರಲ್ಲಿ ತೋಳಿನಲ್ಲಿರುವ ಕೂಸಿಗೆ ವಿನಾಯಿತಿ ಸೇರಿಸಿದ್ದರು. ಡಿಕ್ಕಿಯ ರಭಸಕ್ಕೆ ಯಾವ ತಾಯಿಯ ತೋಳೂ ಕೂಸನ್ನು ಹಿಡಿದಿಡಲಾರದು. ಜೊತೆಗೆ ದೊಡ್ಡವರ ಮೈಭಾರವೇ ಕೂಸನ್ನು ಅಪ್ಪಳಿಸಿಬಿಡುತ್ತದೆ. ಸ್ಯಾಂಡರ್ಸ್ ಮತ್ತೆ ಹೋರಾಡಿ 1981ರಲ್ಲಿ ಆ ವಿನಾಯಿತಿಯನ್ನು ತೆಗೆಸಿದರು. 1985ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂದಿತ್ತು. ಮಗು ಅತ್ತರೆ ಬಸ್ಸು ನಿಲ್ಲಿಸಬೇಕು, ಬೇರೆ ದಾರಿಯಿಲ್ಲ.

ಸೀಟಿನ ಸುತ್ತಲಿನ ಮನೆಯೂ ಗಟ್ಟಿಯಾಗಿರಬೇಕು. ಫ್ರಿಜ್ಜು, ಬ್ಯಾಟರಿ, ಬೀಗವಿಲ್ಲದ ಕಪಾಟಿನ ಪಾತ್ರೆಗಳು ಎಲ್ಲವೂ ಮಗುವಿನ ಹಾಗೆಯೇ ಮುಂದಕ್ಕೆ ನುಗ್ಗುತ್ತವೆ. ಅದಕ್ಕೇ ಮಕ್ಕಳ ಸೀಟಿನ ಹಿಂದೆ ಭಾರದ ಸಾಮಾನು ಇಡಬಾರದು. ಹಿಂಬದಿಯ ತುರ್ತು ಬಾಗಿಲಿಗೆ ಅಡ್ಡವಾಗಿ ಮಂಚ ಹಾಕುವುದೂ ತಪ್ಪು. ನಿಂತರೆ ತಲೆ ತಾಗದಿರಲೆಂದು ಕೆಲವರು ಬಸ್ಸಿನ ಚಾವಣಿಯನ್ನು ಕೊಯ್ದು ಎತ್ತರಿಸುತ್ತಾರೆ. ಬಸ್ಸಿನ ಖಾಲಿ ತೂಕದ ಒಂದೂವರೆ ಪಟ್ಟು ಭಾರ ತಾಳುವಂತೆ ಮಾಡಿದ ಚಾವಣಿ ಅದು. ಕೊಯ್ದ ಪಕ್ಕೆಲುಬುಗಳನ್ನು ಸರಿಯಾಗಿ ಬೆಸೆಯದಿದ್ದರೆ, ಬಸ್ಸು ಉರುಳಿದಾಗ ಒಳಗಿನವರಿಗೆ ಆಸರೆ ಇರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೂ ಇದು ದೂರದ ಮಾತಲ್ಲ. ಯೆಲ್ಲೊಸ್ಟೋನಿನಂಥ ಕಡೆಗೆ ಮನೆವಾಹನವನ್ನು ಬಾಡಿಗೆಗೆ ಹಿಡಿದು ಹೊರಡುವಾಗ, ಊಟದ ಮೇಜಿನ ಸುತ್ತಲ ಆಸನಗಳಲ್ಲಿ ಬೆಲ್ಟು ಕಂಡ ಮಾತ್ರಕ್ಕೆ ಸಮಾಧಾನಪಡಬಾರದು. ಅವುಗಳಲ್ಲಿ ಹಲವು ಪ್ಲೈವುಡ್ ಪೆಟ್ಟಿಗೆಗಳು, ಕೆಲವು ಹಿಂದಕ್ಕೆ ಮುಖ ಮಾಡಿದವು. ಮುಂದಕ್ಕೆ ಮುಖವಿರುವ, ಭುಜದ ಬೆಲ್ಟೂ ಮೇಲ್ಪಟ್ಟಿಯ ಕೊಂಡಿಯೂ ಇರುವ ಆಸನ ಎಷ್ಟಿವೆ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ಇಲ್ಲವೆಂದರೆ ಕೆಲವು ಬಸ್ಸುಮನೆಯವರು ಮಾಡುವಂತೆ ಮಾಡಬಹುದು: ಒಬ್ಬರು ಬಸ್ಸು ಓಡಿಸುತ್ತಾರೆ, ಇನ್ನೊಬ್ಬರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಿಂದೆ ಬರುತ್ತಾರೆ.