ಬಾಣಂತಿಯ ಕಣ್ಣೀರು ಈಮಾನಿನ ಕೊರತೆಯಲ್ಲ



ಮಗು ಹುಟ್ಟಿದ ಮನೆಗೆ ಹೋದಾಗ ನಾವು ಮೊದಲು ಕೇಳುವುದು ಮಗುವಿನ ತೂಕ. ತಾಯಿಗೆ ನಿದ್ದೆ ಬರುತ್ತಿದೆಯೇ ಎಂದು ಎಷ್ಟು ಮಂದಿ ಕೇಳುತ್ತೇವೆ?

ಮೈನೆರೆದಾಗಿನ ಅಂಜಿಕೆ, ಹೊಸ ಸೊಸೆಯ ಆತಂಕ, ಮುಟ್ಟು ನಿಲ್ಲುವಾಗಿನ ಸಿಡುಕು, ಮುಪ್ಪಿನ ಒಂಟಿತನ... ಹೆಣ್ಣಿನ ಬದುಕಿನ ಪ್ರತಿ ಘಟ್ಟದಲ್ಲೂ ಮನಸ್ಸು ಬಳಲುತ್ತದೆ. ಆದರೆ ನಾವು ಹೆಚ್ಚು ಕಡೆಗಣಿಸುವುದು ಬಾಣಂತಿಯ ಮನಸ್ಸನ್ನು.

ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ದುಃಖ ಇಳಿಯದಿದ್ದರೆ, ಮಗುವಿನ ಮೇಲೆ ಅಕ್ಕರೆ ಮೂಡದಿದ್ದರೆ ಅದು ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಅಭಿವೃದ್ಧಿಶೀಲ ದೇಶಗಳಲ್ಲಿ ಹೆತ್ತ 100 ತಾಯಂದಿರಲ್ಲಿ ಸುಮಾರು 20 ಮಂದಿಗೆ ಮಾನಸಿಕ ತೊಂದರೆ ಕಾಡುತ್ತದೆ. ಇಲ್ಲದ ದನಿ ಕೇಳಿಸಿದರೆ, ಸಾಯುವ ಮಾತು ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಜಿನ್ನ್ ಕಾಟವೆಂದು ತಾಯಿತ ಕಟ್ಟಿ ಕೂರಬೇಡಿ.

"ಈಮಾನ್ ಗಟ್ಟಿಯಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನುವವರಿದ್ದಾರೆ. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವು. ಅವರ ಈಮಾನಿನಲ್ಲಿ ಕೊರತೆಯಿತ್ತೇ? ಹೆರಿಗೆಯ ರಕ್ತಸ್ರಾವದ ದಿನಗಳಲ್ಲಿ ಬಾಣಂತಿಗೆ ನಮಾಝಿನಿಂದಲೇ ವಿನಾಯಿತಿ ಇದೆ. ಅಲ್ಲಾಹನು ಕೊಟ್ಟ ಬಿಡುವನ್ನು ನಾವು ಕಸಿಯುವುದೇಕೆ?

ಹವಳಗಾದಂತಹ ಹಳ್ಳಿಯ ಸಹೋದರಿಯರು ಆಶಾ ಕಾರ್ಯಕರ್ತೆಯಲ್ಲಿ ಹೇಳಿಕೊಳ್ಳಬಹುದು, ಅಫಜಲಪುರದ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವೂ ಇದೆ.

ಅತ್ತೆಯಂದಿರೇ, ಇಂದು ರಾತ್ರಿ ಮಗುವನ್ನು ನೀವು ಎತ್ತಿಕೊಳ್ಳಿ. ಸೊಸೆ ನಾಲ್ಕು ಗಂಟೆ ಮಲಗಲಿ. ಚಿಕಿತ್ಸೆಯ ಮೊದಲ ಹೆಜ್ಜೆ ನಿಮ್ಮ ಮನೆಯಿಂದಲೇ ಆಗಲಿ.